ಉಪ್ಪಿನ ಡಬ್ಬಿ ಕೆಳಗಿಡದ ಅಡುಗೆ ಅಕ್ಕ

ಬೆಳಗಿನ ಐದೂವರೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೊಂಟದೆತ್ತರದ ಪಾತ್ರೆಯೊಂದು ಕುದಿಯುತ್ತಿದೆ. ಎಲ್ಲರೂ 'ಅಡುಗೆ ಅಕ್ಕ' ಎಂದು ಕರೆಯುವ ಐವತ್ತರ ಹೆಂಗಸು ಉಪ್ಪಿನ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡೇ ಸೌಟು ತಿರುಗಿಸುತ್ತಿದ್ದಾರೆ. ಡಬ್ಬಿಯನ್ನು ಕೆಳಗಿಡಲು ಅವರಿಗೆ ಭಯ. ಇಟ್ಟರೆ ಯಾರಾದರೂ ಸಹಾಯ ಮಾಡಿಬಿಡುತ್ತಾರೆ.

ಅಕ್ಕನ ಗಂಟಲಿನ ಕ್ಯಾನ್ಸರ್ ವಾಸಿಯಾಗಿ ಎರಡು ವರ್ಷವಾಯಿತು. ಮೂವತ್ತೈದು ಸಲ ವಿಕಿರಣ ಕೊಟ್ಟ ಮೇಲೆ ಗಡ್ಡೆ ಕರಗಿತು. ಅದರ ಹಿಂದೆಯೇ ಜೊಲ್ಲೂ ಹೋಯಿತು, ನಾಲಿಗೆಯ ರುಚಿಯೂ ಹೋಯಿತು. ಹತ್ತು ನಿಮಿಷಕ್ಕೊಮ್ಮೆ ನೀರು ಗುಟುಕರಿಸದಿದ್ದರೆ ಮಾತೇ ಹೊರಡುವುದಿಲ್ಲ.

"ರಿಪೋರ್ಟ್ ಚೆನ್ನಾಗಿದೆ, ಇನ್ನೇನು ಬೇಕಮ್ಮ ಅಂತಾರೆ ಡಾಕ್ಟ್ರು. ಊಟ ಮಾಡೋದು ರಿಪೋರ್ಟಾ, ನಾನಾ?" ಎಂದು ಅಕ್ಕ ಸಿಡುಕುತ್ತಾರೆ.

ರಾತ್ರಿ ಪಾಳಿ ಮುಗಿಸಿ ಏಳಕ್ಕೆ ಊಟಕ್ಕೆ ಬರುವವರು ಇನ್ನೂರ ಇಪ್ಪತ್ತು ಜನ. ಅವರಿಗೆ ಹದಿನಾಲ್ಕು ಕಿಲೋ ಬೇಳೆ, ಮೂರು ಲೋಟ ಉಪ್ಪು. ಹದಿನೆಂಟು ವರ್ಷದ ಲೆಕ್ಕ ಕೈಯಲ್ಲೇ ಇದೆ. ಬೇಳೆ ಪೂರ್ತಿ ಮೆತ್ತಗಾಗುವ ತನಕ ಅಕ್ಕ ಉಪ್ಪು ಮುಟ್ಟುವುದಿಲ್ಲ.

ಹೋದ ವಾರ ಎಡವಟ್ಟಾದದ್ದು ಅಲ್ಲೇ. ತರಕಾರಿ ಹೆಚ್ಚುವ ನಾದಿನಿ ಮೊದಲೇ ರುಚಿ ನೋಡಿ, ಅತ್ತಿಗೆ ಮರೆತಿದ್ದಾರೆ, ಹೇಳಿದರೆ ನೊಂದುಕೊಳ್ಳುತ್ತಾರೆ ಎಂದುಕೊಂಡು ಸದ್ದಿಲ್ಲದೆ ಒಂದು ಲೋಟ ಸುರಿದಳು. ಅದಾದ ಮೇಲೆ ಪಾತ್ರೆ ತೊಳೆಯುವ ಅಜ್ಜ, ರುಚಿಯನ್ನೂ ನೋಡದೆ, ಅದೇ ಕನಿಕರದಿಂದ ಇನ್ನೊಂದು ಲೋಟ ಸುರಿದ. ಕೊನೆಗೆ ಅಕ್ಕ ಎಂದಿನಂತೆ ಮೂರು ಲೋಟ ಹಾಕಿದರು.

"ಅವಳೂ ಹಾಕಿದ್ದಾಳೆ ಅಂತ ನನಗೇನು ಕನಸು ಬಿದ್ದಿತ್ತಾ?" ಎಂದು ಅಜ್ಜ ಈಗಲೂ ವಾದಿಸುತ್ತಾನೆ.

"ನೀನು ಪಾತ್ರೆ ತೊಳಿ ಮಾರಾಯ. ತುಂಬಿಸ್ಬೇಡ," ಎನ್ನುತ್ತಾಳೆ ನಾದಿನಿ.

ಪಾತ್ರೆ ಪೂರ್ತಿ ಸಾಂಬಾರು ಚರಂಡಿ ಸೇರಿತು. ಮ್ಯಾನೇಜರ್ ಬೈಯಲಿಲ್ಲ. "ನಿಮ್ಮ ಕಷ್ಟ ಅರ್ಥ ಆಗುತ್ತೆ ಅಕ್ಕ. ಒಲೆ ಬೇರೆಯವರು ನೋಡ್ಕೊಳ್ಳಲಿ, ನೀವು ಕೂತು ತರಕಾರಿ ಹೆಚ್ಚಿ" ಎಂದರು. ಇನ್ನೊಂದು ವಾರ ಒಲೆ ನನ್ನ ಕೈಯಲ್ಲೇ ಇರಲಿ, ಆಮೇಲೆ ನೋಡಿ ಎಂದು ಅಕ್ಕ ಕೇಳಿಕೊಂಡರು. ಇವತ್ತು ಏಳನೇ ದಿನ.

"ಕಾಯಿಲೆ ಇದ್ದಾಗ್ಲೂ ಇಷ್ಟು ಸುಸ್ತಾಗಿರ್ಲಿಲ್ಲ. ಇವರ ಅಯ್ಯೋ ಪಾಪ ಕೇಳಿ ಕೇಳಿ ಸುಸ್ತಾಗಿದೆ."

ಈಗ ಹೊಸ ಕಟ್ಟಳೆ ಬಂದಿದೆ. ರುಚಿ ನೋಡುವುದು ನಾದಿನಿ ಮಾತ್ರ, ಅದೂ ಉಪ್ಪು ಬಿದ್ದ ಮೇಲೆ. ಬಾಯಿ ಅವಳದು, ಕೈ ಅಕ್ಕನದು. ಆಕೆ ಚಮಚ ನೆಕ್ಕಿ, "ಸರಿಯಾಗಿದೆ ಅತ್ತಿಗೆ," ಎಂದು ಬೆಣ್ಣೆಯಂತೆ ಹೇಳುತ್ತಾಳೆ.

"ನನ್ನ ಮುಖ ನೋಡಿ ಹೇಳು. ಸಮಾಧಾನಕ್ಕೆ ಸುಳ್ಳು ಹೇಳಿದ್ರೆ ಸೌಟು ಬೆನ್ನಿಗೆ ಬೀಳುತ್ತೆ."

ನಾದಿನಿ ಇನ್ನೊಂದು ಚಮಚ ಬಾಯಿಗಿಡುತ್ತಾಳೆ. "ಒಂಚೂರು ಕಮ್ಮಿ ಇದೆ. ಇವತ್ತು ಕುಂಬಳಕಾಯಿ ಜಾಸ್ತಿ ಬಿದ್ದಿದೆ ಅನ್ಸುತ್ತೆ."

"ಅದನ್ನ ಮೊದಲೇ ಬೊಗಳೋಕೇನು?" ಅಕ್ಕ ಅರ್ಧ ಹಿಡಿ ಹಾಕಿ ಕಲಕುತ್ತಾರೆ.

ಏಳೂಕಾಲಿಗೆ ಮ್ಯಾನೇಜರ್ ನಿಂತುಕೊಂಡೇ ಉಣ್ಣುತ್ತಾರೆ. ತಟ್ಟೆಯನ್ನು ಮತ್ತೆ ಚಾಚುತ್ತಾರೆ. ಎರಡನೇ ಸಲ ಮುಗಿದ ಮೇಲೆ, "ಒಲೆ ನಿಮ್ಮದೇ ಇರಲಿ ಅಕ್ಕ. ಆದ್ರೆ ಆರೋಗ್ಯ..." ಎಂದು ಶುರು ಮಾಡುತ್ತಾರೆ.

"ತಟ್ಟೆ ಅಲ್ಲಿಡಿ ಸಾರ್. ಹಿಂದೆ ಜನ ನಿಂತಿದ್ದಾರೆ."

ಸಾಲು ಕರಗಿದ ಮೇಲೆ ಅಕ್ಕ ನೀರು ಗುಟುಕರಿಸಿ ಗೋಡೆಗೊರಗುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಕಂಕುಳಿನ ಡಬ್ಬಿ ಸರಿಮಾಡಿಕೊಳ್ಳುತ್ತಾರೆ.

"ಚೆನ್ನಾಗಿಲ್ಲದ ದಿನ ಯಾರಾದ್ರೂ ಬಾಯಿ ತುಂಬಾ ಬೈಬೇಕು. ಮೊದಲೆಲ್ಲ ಬೈತಿದ್ರು."