ಮೆಟ್ಟಿಲ ಮೇಲಿನ ಬೂಟುಗಳು

ಮೊನ್ನೆ ಸಂಜೆ ಮೊಮ್ಮಗಳು ತನ್ನ ಬೂಟಿಗೆ ಪಾಲಿಷ್ ಹಚ್ಚಿ ಬಾಗಿಲ ಬಳಿ ಇಟ್ಟು, "ಅಜ್ಜಿ, ಬೆಳಗ್ಗೆ ಇದ್ರಲ್ಲಿ ಏನಾದ್ರೂ ಇರ್ಬೇಕು. ಮಿಸ್ ಹೇಳಿದಾರೆ" ಅಂದಳು. ಆ ಪಾಲಿಷ್ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಅಕ್ಕ ನೆನಪಾದರು...

ಅರವತ್ತರ ದಶಕ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನನ್ನ ಮಗನಿಗೆ ಮೂರು ವರ್ಷ. ಎದುರುಮನೆಯವರು ಕ್ರೈಸ್ತರು. ಡಿಸೆಂಬರಿನ ಚಳಿಯಲ್ಲಿ ಸಂತ ನಿಕೋಲಸರ ಹಬ್ಬದ ಹಿಂದಿನ ಸಂಜೆ ಅವರ ಇಬ್ಬರು ಮಕ್ಕಳೂ ಬೂಟು ಉಜ್ಜಿ ಮೆಟ್ಟಿಲ ಮೇಲೆ ಇಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅದರೊಳಗೆ ಕೊಡಗಿನ ಕಿತ್ತಳೆ, ಕರಿದ ಸಿಹಿ ಕಲ್ಕಲ್. ಸಂತರೇ ಬಂದು ಇಟ್ಟುಹೋದರೆಂದು ಮಕ್ಕಳ ನಂಬಿಕೆ. ಅಕ್ಕನ ಅಜ್ಜಿಯ ಕಾಲದಿಂದ ನಡೆದುಬಂದ ಪದ್ಧತಿಯಂತೆ.

ಆ ವರ್ಷ ನಮ್ಮ ಹೊಸ್ತಿಲಾಚೆ ಇದ್ದ ನನ್ನ ಮಗನ ಪುಟ್ಟ ಚಪ್ಪಲಿಯ ಮೇಲೂ ಒಂದು ಕಿತ್ತಳೆ, ಒಂದು ಪೊಟ್ಟಣ ಕೂತಿತ್ತು. ಮೊದಲು ನೋಡಿದ್ದು ರಂಗೋಲಿ ಹಾಕಲು ಹೋದ ನಮ್ಮತ್ತೆ.

"ಚಪ್ಪಲೀಲಿ ಇಟ್ಟಿದ್ದು ತಿನ್ನೋಕೆ ನಾವೇನು ನಾಯಿಗಳಾ? ವಾಪಸ್ ಕೊಟ್ಬಾ ಹೋಗು!" ಎಂದು ಎಲ್ಲವನ್ನೂ ಕಸದ ಮೊರಕ್ಕೆ ತಳ್ಳಿ ನನ್ನ ಕೈಗಿತ್ತರು. ಅತ್ತೆಗೆ ಎದುರಾಡುವ ಧೈರ್ಯ ನನಗೆಲ್ಲಿತ್ತು? ಒಂದು ತಟ್ಟೆಗೆ ಹಾಕಿಕೊಳ್ಳುವಷ್ಟು ಬುದ್ಧಿಯೂ ಓಡಲಿಲ್ಲ. ಮೊರ ಹಿಡಿದೇ ರಸ್ತೆ ದಾಟಿದೆ.

ಅಕ್ಕ ನಗುತ್ತ ಬಾಗಿಲು ತೆಗೆದರು. ಮೊರ ನೋಡಿದರು...

"ಚಪ್ಪಲಿ ಅನ್ನೋದು ಹೊಳೀಲೇ ಇಲ್ಲ ಕಣಮ್ಮ. ಮಗೂದು ಅಂತ ಇಟ್ಬಿಟ್ಟೆ. ತಪ್ಪಾಯ್ತು ಅಂತ ಹೇಳು ಅತ್ತೆಯವ್ರಿಗೆ" ಎಂದು ಕಿತ್ತಳೆಯನ್ನು ಸೆರಗಿನಲ್ಲಿ ಒರೆಸಿಕೊಂಡರು.

ಅವರ ಹಿಂದೆ ಚಿಕ್ಕ ಮಗಳು ಬಾಯಿ ತುಂಬ ಕಲ್ಕಲ್ ಇಟ್ಟುಕೊಂಡು ನಿಂತಿದ್ದಳು. "ಅಮ್ಮ, ನೀನಾ ಇಟ್ಟಿದ್ದು?" ಅಂದಳು.

ನನಗಂತೂ ಭೂಮಿ ಬಾಯಿಬಿಡಬಾರದೇ ಎನಿಸಿತು.

ಮರುವರ್ಷ ಆ ಸಂಜೆ ಕಿಟಕಿಯಿಂದ ಇಣುಕಿದೆ. ಮೆಟ್ಟಿಲ ಮೇಲೆ ಬೂಟುಗಳಿರಲಿಲ್ಲ. ಅಕ್ಕ ಮಾತೇನೂ ಬಿಟ್ಟಿರಲಿಲ್ಲ. ಕ್ರಿಸ್‌ಮಸ್ಸಿಗೆ ಬಾಳೆಹಣ್ಣನ್ನು ತೊಳೆದ ತಟ್ಟೆಯಲ್ಲಿಟ್ಟು, ಮೇಲೊಂದು ಬಾಳೆಲೆ ಮುಚ್ಚಿ ಕಳಿಸಿದರು. ಆ ತಟ್ಟೆ ನೋಡಿ ಇನ್ನಷ್ಟು ನಾಚಿಕೆಯಾಯಿತು. ಆಮೇಲೆ ಅವರಿಗೆ ವರ್ಗವಾಗಿ ಊರು ಬಿಟ್ಟರು...

ಮೊನ್ನೆ ಮೊಮ್ಮಗಳ ಬೂಟಿನೊಳಗೆ ಕಿತ್ತಳೆ ಇಟ್ಟವಳು ನಾನೇ. ಬೆಳಗ್ಗೆ ಅವಳು ಕುಣಿದಾಡಿದಳು. ಅವತ್ತಿನ ಪುಟ್ಟ ಚಪ್ಪಲಿಯ ಒಡೆಯ, ನನ್ನ ಮಗ, ಫೋಟೊ ತೆಗೆದ. ಮನೆಯಲ್ಲಿ ಯಾರೂ ಮಡಿ ಮೈಲಿಗೆ ಎನ್ನಲಿಲ್ಲ.

ನಾನು ಬಾಗಿಲಲ್ಲಿ ನಿಂತು ಎದುರಿಗೆ ನೋಡಿದೆ. ಅಲ್ಲೀಗ ಅಪಾರ್ಟ್‌ಮೆಂಟ್. ತಪ್ಪಾಯ್ತು ಅನ್ನೋಣವೆಂದರೆ ಆ ಮೆಟ್ಟಿಲೂ ಇಲ್ಲ, ಅಕ್ಕನೂ ಇಲ್ಲ.