ಅಮ್ಮನ ಬ್ಲೌಸುಗಳಿಗೊಂದು ಸರ್ವರ್

ಅಮ್ಮನ ಮೊಬೈಲು ಬಹಳ ದಿನಗಳಿಂದ ಒಂದೇ ಮಾತು ಹೇಳುತ್ತಿತ್ತು: ಜಾಗ ತುಂಬಿದೆ. ಅಮ್ಮ ಆ ಮಾತನ್ನು ನೊಣ ಓಡಿಸುವ ಹಾಗೆ ಬೆರಳಿನಲ್ಲಿ ಪಕ್ಕಕ್ಕೆ ತಳ್ಳಿ ತನ್ನ ಕೆಲಸ ಮಾಡಿಕೊಳ್ಳುತ್ತಿದ್ದಳು. ಕೊನೆಗೊಂದು ದಿನ ಕ್ಯಾಮೆರಾ ಫೋಟೊ ತೆಗೆಯುವುದನ್ನೇ ನಿಲ್ಲಿಸಿತು. ಆಗ ಮೊಬೈಲು ನನ್ನ ಕೈಗೆ ಬಂತು.

ನಂಜನಗೂಡಿನ ನಮ್ಮ ಮನೆಯ ಮುಂದಿನ ಕೋಣೆಯೇ ಅಮ್ಮನ ಹೊಲಿಗೆ ಅಂಗಡಿ. ಅವಳು ಹೊಲಿಯುವುದು ಬ್ಲೌಸು ಮಾತ್ರ. ಹೊಲಿದದ್ದನ್ನು ಗಿರಾಕಿಗೆ ತೊಡಿಸಿ, ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಬೆನ್ನಿನ ಫೋಟೊ ತೆಗೆದಿಟ್ಟುಕೊಳ್ಳುವುದು ಅವಳ ಪದ್ಧತಿ. ಗೋಡೆಗೆ ಒಂದು ಸಣ್ಣ ಸ್ಲೇಟು ತೂಗುಹಾಕಿದೆ. ಅದರ ಮೇಲೆ ಆ ಗಿರಾಕಿಯ ಅಳತೆ ಬರೆದಿರುತ್ತಾಳೆ, ಅದೂ ಫೋಟೊದಲ್ಲಿ ಬರುತ್ತದೆ. ಮುಂದಿನ ಸಲ ಬಟ್ಟೆ ಕಳಿಸಿದರೆ ಸಾಕು, ಗಿರಾಕಿ ಬರಬೇಕಾಗಿಲ್ಲ. ಹೀಗೆ ವರ್ಷಗಳಿಂದ ಅಮ್ಮನ ಮೊಬೈಲಿನಲ್ಲಿ ಬೆನ್ನುಗಳು ಸೇರಿಕೊಂಡಿದ್ದವು: ಬೋಟ್ ನೆಕ್ಕು, ಪಾಟ್ ನೆಕ್ಕು, ನಡುವೆ ಕಿಟಕಿ ಇಟ್ಟದ್ದು, ದಾರ ಕಟ್ಟಿ ಗೊಂಡೆ ಬಿಟ್ಟದ್ದು.

ಪ್ರತಿ ಫೋಟೊಕ್ಕೂ ಮೊದಲು ಅಮ್ಮ ಒಂದು ಮಾತು ಕೊಡುತ್ತಿದ್ದಳು. "ನಾನ್ ಬಿಟ್ರೆ ಇದನ್ನ ಇನ್ಯಾರೂ ನೋಡಲ್ಲ ಕಣ್ರೀ, ಅಳತೆ ಆಚೆ ಹೋಗಲ್ಲ. ನನ್ ಮಗಳೂ ನೋಡಲ್ಲ." ನಾನು ನೋಡಿಯೂ ಇರಲಿಲ್ಲ. ಹೆಂಗಸರು ಗೋಡೆಯ ಕಡೆ ತಿರುಗುತ್ತಿದ್ದದ್ದು ಆ ಮಾತನ್ನು ನಂಬಿ. ಅದೊಂದು ಸಲ ತಪ್ಪಿತೆಂದರೆ ಮಿಷನ್ನಿಗೆ ಬಟ್ಟೆ ಮುಚ್ಚಿ ಇಡಬೇಕಾಗುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಫೋಟೊಗಳನ್ನು ಇಂಟರ್‌ನೆಟ್‌ನಲ್ಲಿ ಇಡಬಹುದು" ಎಂದೆ.

"ಇಂಟರ್‌ನೆಟ್‌ನಲ್ಲಿ ಅಂದ್ರೆ ಎಲ್ಲಿ?"

"ಯಾವುದೋ ಕಂಪನಿ ಕಂಪ್ಯೂಟರ್‌ನಲ್ಲಿ. ಯಾವ ಊರಲ್ಲಿದೆ ಅಂತ ನನಗೂ ಗೊತ್ತಿಲ್ಲ."

"ಬದನವಾಳು ಟೀಚರಮ್ಮನ ಬೆನ್ನು ಯಾವ್ದೋ ಊರಲ್ಲಿ ಇರೋದಾ? ಚೆನ್ನಾಗಿದೆ ನಿನ್ ಮಾತು. ಇನ್ನೇನಾದ್ರೂ ಇದ್ರೆ ಹೇಳು."

ಇನ್ನೇನೋ ಇತ್ತು. ನಾನು ರಸಾಯನಶಾಸ್ತ್ರ ಓದಿ, ಇಲ್ಲಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುವುದು ಯಾರಿಗೂ ಹೆಚ್ಚು ಹೇಳದೆ ಇಟ್ಟುಕೊಂಡಿರುವ ಹವ್ಯಾಸ. ಮನೆಯಲ್ಲೇ ಒಂದು ಸರ್ವರ್ ಕಟ್ಟುವ ಆಸೆ ಮೊದಲಿನಿಂದ ಇತ್ತು, ಅದರಲ್ಲಿ ಇಡುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ. ಸರ್ವರ್ ಎಂದರೆ ದೊಡ್ಡದೇನಲ್ಲ. ಪರದೆಯಿಲ್ಲದ, ಸದಾ ಚಾಲೂ ಇರುವ ಒಂದು ಕಂಪ್ಯೂಟರ್. ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ, ಪಾಸ್‌ವರ್ಡ್ ಹೇಳಿದವರಿಗೆ ತೆಗೆದುಕೊಡುತ್ತದೆ. ಮನೆಯ ವೈಫೈ ದಾಟಿದರೆ ಅದು ಯಾರಿಗೂ ಸಿಗದ ಹಾಗೆ ಮಾಡಬಹುದು. ಇಷ್ಟು ಹೇಳಿದ ಮೇಲೆ ಅಮ್ಮ ಕೇಳಿದ್ದು, "ಅಂದ್ರೆ ಬೀರು ಥರ?" ನಾನು ಹೂಂ ಎಂದೆ.

ಸಾಮಾನು ಸಿಕ್ಕಿದ್ದು ತಿ. ನರಸೀಪುರದಲ್ಲಿ. ಅಮ್ಮನ ತಮ್ಮ, ನನ್ನ ಮಾವ, ಅಲ್ಲಿ ಮೊದಲು ಕಂಪ್ಯೂಟರ್ ಸೆಂಟರ್ ಇಟ್ಟಿದ್ದರು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅದನ್ನು ಮುಚ್ಚಿ, ದನಗಳ ಹಿಂಡಿ-ಬೂಸದ ಅಂಗಡಿ ಹಾಕಿದರು. ಹಳೆಯ ಕಂಪ್ಯೂಟರುಗಳು ಕೊಟ್ಟಿಗೆಯ ಒಂದು ಮೂಲೆ ಸೇರಿದ್ದವು.

"ಬಾರವ್ವ ಇಂಜಿನಿಯರು" ಎಂದರು ಮಾವ.

"ನಾನು ಇಂಜಿನಿಯರ್ ಅಲ್ಲ ಮಾವ, ಕೆಮಿಸ್ಟ್ರಿ."

"ಎಲ್ಲಾ ಒಂದೇಯ. ಯಾವ್ದ್ ಬೇಕೋ ತಕ್ಕೋ. ಆ ಕೊನೇದೊಂದ ಮುಟ್ಬ್ಯಾಡ, ಅದ್ರೊಳ್ಗೆ ಕೋಳಿ ಕಾವಿಗೆ ಕೂತದೆ."

ನಿಜವಾಗಿಯೂ ಕೂತಿತ್ತು. ಒಂದು ಬದಿಯ ಮುಚ್ಚಳ ಹೋದ ಕ್ಯಾಬಿನೆಟ್ಟಿನಲ್ಲಿ ಹುಲ್ಲು ಹಾಸಿಕೊಂಡು, ನನ್ನನ್ನು ಒಂದು ಕಣ್ಣಿನಲ್ಲಿ ನೋಡುತ್ತಿತ್ತು. ಅದರ ತಲೆಯ ಮೇಲೇ ಎಲ್ಲಕ್ಕಿಂತ ದೊಡ್ಡ ಹಾರ್ಡ್ ಡಿಸ್ಕು.

"ಮಾವ, ನನಗೆ ಬೇಕಾದದ್ದು ಅದರಲ್ಲೇ ಇದೆ."

"ಮರಿ ಮಾಡೋಗಂಟ ತಡೀತೀಯಾ?"

"ಇಲ್ಲ."

"ಒಳ್ಳೆ ಸೊಸೆ ಕಣಮ್ಮಿ ನೀನು, ಬಾಣಂತಿ ಎಬ್ಬಿಸ್ತೀಯ" ಎಂದು ಗೊಣಗುತ್ತ ಮಾವ ಕೋಳಿಯನ್ನು ಮೊಟ್ಟೆಗಳ ಸಮೇತ ಒಂದು ಮಂಕರಿಗೆ ದಾಟಿಸಿದರು. ನಾನು ಸ್ಕ್ರೂ ಬಿಚ್ಚಿದೆ. ಹಾರ್ಡ್ ಡಿಸ್ಕಿನ ಮೇಲೆ ಒಂದು ಪುಕ್ಕ ಅಂಟಿಕೊಂಡಿತ್ತು.

ಆರಿಸಿಕೊಂಡದ್ದನ್ನೆಲ್ಲ ಮಾವ ಖಾಲಿ ಬೂಸದ ಚೀಲಕ್ಕೆ ತುಂಬಿ ಬಾಯಿ ಕಟ್ಟಿಕೊಟ್ಟರು. ನಂಜನಗೂಡಿನ ಬಸ್ಸಿನಲ್ಲಿ ಕಂಡಕ್ಟರು ಚೀಲವನ್ನು ಕಾಲಿನಲ್ಲಿ ಮುಟ್ಟಿ ನೋಡಿದರು.

"ಏನವ್ವಾ, ಬೂಸವಾ?"

"ಅಲ್ಲ, ಕಂಪ್ಯೂಟರ್."

ಅವರು ನನ್ನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ, "ಬೂಸ ಅಂತ್ಲೇ ಅನ್ಕತೀನಿ ಬುಡು" ಎಂದು ಮುಂದೆ ಹೋದರು.

ಭಾನುವಾರ ಅಮ್ಮನ ಕಟಿಂಗ್ ಮೇಜು ನನಗೆ ಸಿಕ್ಕಿತು. ಹಳೆಯ ಸೀರೆ ಹಾಸಿ, ಅದರ ಮೇಲೆ ಎಲ್ಲವನ್ನೂ ಹರಡಿಕೊಂಡೆ. ಪೇಂಟಿನ ಬ್ರಷ್ಷಿನಿಂದ ಧೂಳು ತೆಗೆದೆ. ಧೂಳಿಗಿಂತ ಹೆಚ್ಚಾಗಿ ಬೂಸವೇ ಬಂತು. ಮೆಮೊರಿ ಪಟ್ಟಿಗಳ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಕರೆಂಟು ಕೊಟ್ಟರೆ ಕ್ಯಾಬಿನೆಟ್ಟು ಬೀಪ್ ಬೀಪ್ ಎಂದು ಅತ್ತಿತು, ಅಷ್ಟೇ. ಮೆಮೊರಿ ಪಟ್ಟಿಯನ್ನು ಪಕ್ಕದ ಸಂದಿಗೆ ಬದಲಾಯಿಸಿದೆ. ಮತ್ತೆ ಬೀಪ್. ಇನ್ನೊಂದು ಪಟ್ಟಿ ಹಾಕಿದೆ. ಒಂದೇ ಒಂದು ಚಿಕ್ಕ ಬೀಪ್, ಆಮೇಲೆ ಫ್ಯಾನು ತಿರುಗಿತು. ಪರದೆಯ ಬದಲು ಟಿವಿಗೆ ವೈರು ಜೋಡಿಸಿದ್ದರಿಂದ, ಅಮ್ಮನ ಧಾರಾವಾಹಿ ಬರುವ ಜಾಗದಲ್ಲಿ ಬಿಳಿ ಅಕ್ಷರಗಳು ಸಾಲಾಗಿ ಓಡತೊಡಗಿದವು.

"ಏನಂತೆ ಅದು?" ಎಂದು ಮಿಷನ್ ತುಳಿಯುತ್ತಲೇ ಅಮ್ಮ ಕೇಳಿದಳು.

"ಎಲ್ಲ ಸರಿಯಾಗಿದೆಯಂತೆ."

"ಅಷ್ಟ್ ಹೇಳೋಕೆ ಅಷ್ಟುದ್ದ ಬರೀಬೇಕಾ?"

ಎರಡು ಡಿಸ್ಕುಗಳನ್ನು ಜೋಡಿಯಾಗಿ ಕೂರಿಸಿ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರುವ ಹಾಗೆ ಮಾಡಿದೆ. ಸಂಜೆಯ ಹೊತ್ತಿಗೆ ಫೋಟೊಗಳು ಒಂದೊಂದಾಗಿ ಒಳಗೆ ಹೋಗತೊಡಗಿದವು. ಆಗ ಅಮ್ಮನಿಗೆ ಒಂದು ಚಿಂತೆ ಶುರುವಾಯಿತು: ಕೋಣೆಯಲ್ಲಿ ಹಾರುವ ದಾರದ ಎಳೆಗಳು ಫ್ಯಾನಿಗೆ ಸಿಕ್ಕಿದರೆ? ಟೇಪು ತಂದು ಕ್ಯಾಬಿನೆಟ್ಟಿನ ಉದ್ದ, ಅಗಲ ಅಳೆದು, ಉಳಿದ ಲೈನಿಂಗ್ ಬಟ್ಟೆಯಲ್ಲಿ ಒಂದು ಕವರು ಹೊಲಿದಳು. ಫ್ಯಾನು ಇರುವ ಕಡೆ ಉಸಿರಾಡಲಿ ಎಂದು ದುಂಡಗೆ ಕತ್ತರಿಸಿ ನೆಟ್ ಬಟ್ಟೆ ಕೊಟ್ಟು, ಸುತ್ತ ಪೈಪಿಂಗ್ ಹಾಕಿದಳು. ನಮ್ಮ ಸರ್ವರಿಗೂ ಬೆನ್ನಿನಲ್ಲಿ ಕಿಟಕಿ ಬಂತು.

ಪಾಸ್‌ವರ್ಡ್ ಹಾಕುವ ಸಮಯಕ್ಕೆ ನಾನು ಎದ್ದು ಗೋಡೆಯ ಕಡೆ ತಿರುಗಿ ನಿಂತೆ.

"ಅಂಕಿ ಸಾಕಾ?"

"ಸಾಕು. ಉದ್ದ ಇರಲಿ. ಹುಟ್ಟಿದ ದಿನ, ಫೋನ್ ನಂಬರ್ ಬೇಡ. ನನಗೂ ಹೇಳಬೇಡ."

ಅಮ್ಮ ಒಂದು ಕ್ಷಣವೂ ಯೋಚಿಸದೆ ಟಪಟಪ ಒತ್ತಿದಳು. ಮೂರು ಸಲ ತಪ್ಪಾದರೆ ಇಡೀ ದಿನ ಬಾಗಿಲು ತೆರೆಯದ ಹಾಗೆ ನಾನು ಇನ್ನೊಂದು ಚಿಲಕ ಹಾಕಿದೆ. ಕೆಲಸ ಅಚ್ಚುಕಟ್ಟಾಯಿತೆಂದು ನನಗೆ ಸಮಾಧಾನವಾಗಿತ್ತು.

ಕೆಲವು ವಾರಗಳ ನಂತರ ಒಂದು ರಜೆಯ ದಿನ ಅಮ್ಮ ಮಾವನ ಮನೆಯ ದೇವರ ಕಾರ್ಯಕ್ಕೆ ಹೊರಟಳು. ಜನ ಸೇರುವ ಕಡೆ ನನಗೆ ಅಷ್ಟು ಹಿತವಿಲ್ಲ, ಮನೆಯಲ್ಲೇ ಉಳಿದೆ. ಅವಳು ಹೋಗಿ ಸ್ವಲ್ಪ ಹೊತ್ತಿಗೆ ಹೆಡತಲೆ ಊರಿನ ಗಿರಾಕಿಯೊಬ್ಬರು ಬಂದರು. ಅಮ್ಮನ ವಯಸ್ಸಿನವರು, ಕೈಯಲ್ಲಿ ರೇಷ್ಮೆ ಬಟ್ಟೆಯ ಕವರು.

"ಅವ್ವ ಇಲ್ವೇನವ್ವಾ?"

"ತಿ. ನರಸೀಪುರಕ್ಕೆ ಹೋದಳು. ಸಂಜೆ ಬರ್ತಾಳೆ."

"ಅಯ್ಯೋ ಸಿವನೇ. ಸಂಜೆಗಂಟ ಆ ಮೈಸೂರ್ನೋಳು ಕಾಯಾಕಿಲ್ಲ ಕಣವ್ವ."

ವಿಷಯ ಇಷ್ಟು. ಅವರ ಚಿಕ್ಕ ಮಗಳ ಮದುವೆ ಹತ್ತಿರವಿತ್ತು. ದೊಡ್ಡ ಮಗಳ ಮದುವೆಯ ಬ್ಲೌಸಿನ ಬೆನ್ನಿಗೆ ಇದ್ದ ನವಿಲೇ ತನಗೂ ಬೇಕೆಂದು ಅವಳ ಹಟ. ಆ ಬ್ಲೌಸನ್ನು ಯಾರೋ ನೆಂಟರು ಒಂದು ದಿನಕ್ಕೆಂದು ತೆಗೆದುಕೊಂಡು ಹೋದವರು ಇನ್ನೂ ತಂದುಕೊಟ್ಟಿರಲಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಬೆನ್ನಿನ ತುಂಬ ಮೊಗ್ಗಿನ ಜಡೆ. ನವಿಲು ಪೂರ್ತಿಯಾಗಿ ಕಾಣುವುದು ಅಮ್ಮನ ಫೋಟೊದಲ್ಲಿ ಮಾತ್ರ. ಕಸೂತಿ ಹಾಕುವ ಮೈಸೂರಿನಾಕೆ ಮಧ್ಯಾಹ್ನದೊಳಗೆ ಮಾದರಿ ಕೊಡದಿದ್ದರೆ ಬೇರೆಯವರ ಕೆಲಸ ಹಿಡಿಯುತ್ತೇನೆ ಎಂದಿದ್ದಳಂತೆ.

ಮನೆಯ ಹೊರಗಿನಿಂದ ಅಮ್ಮ ಫೋಟೊ ಕಳಿಸುವ ಹಾಗಿರಲಿಲ್ಲ. ಹಾಗಾಗದಂತೆ ನೋಡಿಕೊಂಡವಳು ನಾನೇ. ಫೋನ್ ಮಾಡಿದೆ. ಆ ಕಡೆ ಬಸ್ಸಿನ ಸದ್ದು. ವಿಷಯ ಹೇಳಿದೆ.

"ತೆಗೆದುಕೊಡು. ಅವ್ರ ಫೋಟೊ, ಅವ್ರಿಗೆ ಕೊಡೋದ್ರಲ್ಲಿ ತಪ್ಪೇನಿಲ್ಲ. ಬೇರೆಯವ್ರದ್ದು ಮಾತ್ರ ತೆಗೀಬೇಡ, ನೀನೂ ನೋಡ್ಬೇಡ."

"ಪಾಸ್‌ವರ್ಡ್ ಹೇಳು."

"ಬಸ್ಸಲ್ಲಿದೀನಿ."

"ಗೊತ್ತಮ್ಮ. ಹೇಳು."

"ಬಸ್ಸಲ್ಲಿ ಹೇಗ್ ಹೇಳ್ಲಿ? ಅದು ಅಳತೆ ಕಣೆ." ಅಮ್ಮನ ದನಿ ತಗ್ಗಿತು. "ಪಕ್ಕದಲ್ಲಿ ಗಂಡಸ್ರು ಕೂತಿದಾರೆ."

"ಯಾರ ಅಳತೆ?"

"ನಿಂದೇ."

"ಮೆಸೇಜ್ ಹಾಕು."

"ಕನ್ನಡಕ ಬಿಟ್ಟು ಬಂದಿದೀನಿ." ಹೌದು, ಕನ್ನಡಕ ನನ್ನ ಮುಂದೆಯೇ ಮೇಜಿನ ಮೇಲಿತ್ತು. "ಟೇಪ್ ಅಲ್ಲೇ ಇದೆಯಲ್ಲ, ಅಳ್ಕೋ. ನಾನ್ ಬರೆಯೋ ವರಸೇಲಿ ಹಾಕು" ಎಂದು ಇಟ್ಟುಬಿಟ್ಟಳು.

ವರಸೆ ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ಮಗ್ಗಿಯ ಹಾಗೆ ಕೇಳಿದ್ದು: ಉದ್ದ, ಭುಜ, ಎದೆ, ಸೊಂಟ, ತೋಳು. ಆದರೆ ತನ್ನನ್ನು ತಾನೇ ಸರಿಯಾಗಿ ಅಳೆದುಕೊಳ್ಳಲು ಬರುವುದಿಲ್ಲ. ಹೆಡತಲೆಯವರು ಆಗಲೇ ಟೇಪು ಕೈಗೆತ್ತಿಕೊಂಡಿದ್ದರು.

"ಬಾರವ್ವ, ನಾ ಅಳೀತೀನಿ. ಕೈ ಎತ್ತು."

ನಾನು ಬಾಗಿಲು ಮುಂದಕ್ಕೆ ಹಾಕಿ, ಕೈ ಎತ್ತಿ ನಿಂತೆ. ಅವರು ಬೀದಿಗೆ ಕೇಳುವ ಹಾಗೆ ಒಂದೊಂದೇ ಅಂಕಿ ಕೂಗಿದರು.

"ಸ್ವಲ್ಪ ಮೆತ್ತಗೆ."

"ಯಾಕವ್ವ, ಚೆಂದಾಗೇ ಅದೀಯಲ್ಲ. ಒಟ್ಟೆ ಎಳ್ಕಬ್ಯಾಡ, ಉಸುರು ಬುಡು."

ಆ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಒತ್ತಿದೆ. ಸರ್ವರ್ ಒಪ್ಪಲಿಲ್ಲ. ಅವರು ಟೇಪನ್ನು ಬಿಗಿ ಹಿಡಿದು ಮತ್ತೆ ಅಳೆದರು. ಆಗಲೂ ಇಲ್ಲ. ಇನ್ನು ಉಳಿದದ್ದು ಒಂದೇ ಸಲ, ಆಮೇಲೆ ನಾಳೆಯೇ. ಮೈಯನ್ನು ಎಲ್ಲಿ ಹಿಡಿದು ಅಳೆದರೆ ಅಮ್ಮನ ಅಂಕಿ ಬರುತ್ತದೆಂದು ಲೆಕ್ಕ ಹಾಕುತ್ತಿದ್ದವಳಿಗೆ, ಅಮ್ಮ ನನ್ನನ್ನು ಅಳೆದದ್ದು ಒಂದೇ ಸಲ ಎಂದು ನೆನಪಾಯಿತು. ಘಟಿಕೋತ್ಸವಕ್ಕೆ ಸೀರೆ ಉಡಲು ಹೊಲಿದ ಬ್ಲೌಸು. ಬೀರುವಿನಿಂದ ಅದನ್ನು ತಂದು ಮೇಜಿನ ಮೇಲೆ ಹರಡಿ, ಹೊಲಿಗೆಯಿಂದ ಹೊಲಿಗೆಗೆ ಅಳೆದೆ. ಆ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಒತ್ತಿದೆ, ಸರ್ವರಿನ ಬಾಗಿಲು ತೆರೆಯಿತು.

ಮೊದಲು ಊರುಗಳ ಪಟ್ಟಿ ಬಂತು: ಬದನವಾಳು, ಹದಿನಾರು, ಹೆಡತಲೆ, ಹೀಗೆ. ಹೆಡತಲೆ ಒತ್ತಿದೆ. ಅಮ್ಮ ಒಂದೊಂದು ಮನೆಗೂ ಬೇರೆ ಬೇರೆ ಫೋಲ್ಡರ್ ಮಾಡಿ, ಹೆಸರಿನ ಬದಲು ಗುರುತು ಕೊಟ್ಟಿದ್ದಳು. ಹುಣಸೆಮರ. ಡೈರಿ ಪಕ್ಕ. ಹಸಿರು ಗೇಟು.

"ನಂದು ಅಸಿರು ಗೇಟು" ಎಂದು ಅವರು ನನ್ನ ಭುಜದ ಮೇಲಿಂದ ಬಾಗಿದರು. "ಈಗ ನೀಲಿ ಬಣ್ಣ ಬಳ್ಸಿವಿ. ನಿಮ್ಮವ್ವಂಗೆ ಏಳು."

ಹಸಿರು ಗೇಟು ತೆರೆದೆ. ನವಿಲು ಇತ್ತು, ಬಾಲದ ಗರಿಗರಿಯೂ ಸ್ಪಷ್ಟವಾಗಿ. ಅವರು ಪರದೆಯ ಮೇಲೆ ಬೆರಳಿಟ್ಟರು. "ಆವಾಗ ಎಷ್ಟ್ ಸಣ್ಕಿದ್ಲು ನೋಡವ್ವ ನನ್ ಮಗ್ಳು" ಎಂದರು. ಫೋಟೊವನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ಅವರು ಹೊರಡಲಿಲ್ಲ.

"ಈ ಡೈರಿ ಪಕ್ಕದೋಳ್ದು ಅದೆಯಲ್ಲ..."

"ಹೂಂ?"

"ಅವ್ಳೂ ಮಗ್ಳ ಮದ್ವೆಗೆ ಇಲ್ಲೇ ಒಲಿಸವಳೆ ಅಂತ. ಏನ್ ಆಕಿಸವಳೆ, ಒಸಿ ತಗಿ ನೋಡವ. ಒಂದೇ ಒಂದು. ನಿಮ್ಮವ್ವಂಗೆ ಯಾರ್ ಏಳ್ತಾರೆ?"

ಮೌಸಿನ ಬಾಣ ಆ ಫೋಲ್ಡರಿನ ಪಕ್ಕದಲ್ಲೇ ನಿಂತಿತ್ತು. ಒಂದು ಸಲ ಒತ್ತಿದರೆ ಮುಗಿಯಿತು. ಹಿರಿಯರಿಗೆ ಆಗುವುದಿಲ್ಲ ಎಂದು ಹೇಳುವುದು ನನಗೆ ಸುಲಭವಲ್ಲ.

"ತೆಗೀಬಹುದು" ಎಂದೆ. "ನಾಳೆ ಅವರು ಬಂದು ಹಸಿರು ಗೇಟು ತೆಗಿ ಅಂದರೆ?"

ಅವರು ಪರದೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಬ್ಯಾಡ. ಮುಚ್ಚು, ಮುಚ್ಚು" ಎಂದು ಸೆರಗು ಸರಿಮಾಡಿಕೊಂಡು, ಮೈಸೂರಿನ ಬಸ್ಸಿಗೆ ಓಡಿದರು. ನಾನು ಎಲ್ಲವನ್ನೂ ಮುಚ್ಚಿ, ಬ್ಲೌಸನ್ನು ಮಡಿಸಿಟ್ಟೆ.

ಸಂಜೆ ಅಮ್ಮ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು: "ಹೆಡತಲೆಯವ್ರು ಫೋನ್ ಮಾಡಿದ್ರು. ಕೆಲ್ಸ ಆಯ್ತಂತೆ. ಡೈರಿ ಪಕ್ಕದವ್ರದ್ದು ಕೇಳಿದ್ರೆ ನೀನು ತೋರಿಸ್ಲಿಲ್ಲವಂತೆ. ‘ಗಟ್ಟಿಗಿತ್ತಿ ಕಣವ್ವ ನಿನ್ ಮಗ್ಳು’ ಅಂದ್ರು."

ಅಮ್ಮನ ಮುಖ ಅರಳಿತ್ತು.

"ಸೊಂಟ ಎರಡಿಂಚು ಜಾಸ್ತಿ ಆಗಿದೆಯಂತೆ ನಿಂದು?"

"ಅದನ್ನೂ ಹೇಳಿದರಾ?"

"ಹೂಂ, ಎಲ್ಲಾ ಹೇಳಿದ್ರು. ಕನ್ನಡಕ ಇಲ್ದೆ ಯಾವ್ದೋ ಒತ್ಬಿಟ್ಟೆ, ಸ್ಪೀಕರ್ ಆನ್ ಆಗೋಯ್ತು. ಊಟಕ್ಕೆ ಕೂತಿದ್ವಿ. ನಿನ್ ಮಾವ ಕೇಳಿ ಕೇಳಿ ನಕ್ಕ."

ಮೇಜಿನ ಕೆಳಗೆ ಸರ್ವರ್ ತನ್ನ ಲೈನಿಂಗ್ ಬಟ್ಟೆಯೊಳಗೆ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ಇಷ್ಟೊಂದು ಊರುಗಳ ಹೆಂಗಸರ ಅಳತೆಯೆಲ್ಲ ಭದ್ರವಾಗಿ ಒಳಗಿತ್ತು. ಹೊರಗೆ ಹೋದದ್ದು ನನ್ನದೊಂದೇ.

"ಅಳತೆ ಆಚೆ ಹೋಗಲ್ಲ ಅಂತ ಮಾತು ಕೊಟ್ಟಿದ್ದೆ ನೀನು" ಎಂದೆ.

ಅಮ್ಮ ಕನ್ನಡಕ ಹಾಕಿಕೊಂಡು, ಟೇಪನ್ನು ಕೊರಳಿಗೆ ಇಳಿಬಿಟ್ಟುಕೊಂಡಳು.

"ಅದು ಗಿರಾಕಿಗಳಿಗೆ ಕೊಟ್ಟ ಮಾತು ಕಣೆ. ನೀನೇನು ಗಿರಾಕಿನಾ?"