ನಾಲ್ಕು ಬೆರಳು ಉದ್ದದ ಫ್ರಾಕು

ನಮ್ಮ ಟೈಲರಕ್ಕನ ಕೈಯಲ್ಲಿ ಅಳತೆ ತಪ್ಪಿದ ಬಟ್ಟೆಯನ್ನು ನಾನು ಕಂಡಿದ್ದು ಒಂದೇ ಸಲ. ಹನ್ನೆರಡು ವರ್ಷದಿಂದ ಅವಳ ಅಂಗಡಿಯಲ್ಲಿ ಹುಕ್ಕು, ಗುಂಡಿ ಹಾಕುತ್ತ ಕೂತವಳು ನಾನು. ನನ್ನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಮಗ ಅವಳ ಗುಂಡ. ಹನ್ನೊಂದು ತಿಂಗಳಾದರೂ ಕೂರಿಸಿದಲ್ಲೇ ಕೂತಿರುತ್ತಿದ್ದ. ನೆಲಕ್ಕೆ ಬಿದ್ದ ಸಣ್ಣ ಹುಕ್ಕನ್ನೂ ಎರಡು ಬೆರಳಲ್ಲಿ ಹೆಕ್ಕುವುದರಲ್ಲಿ ಮಾತ್ರ ಅವನಿಗೆ ಸಾಟಿಯಿರಲಿಲ್ಲ. ಅದು ಬಾಯಿಗೆ ಹೋಗುವ ಮೊದಲು ಕಿತ್ತುಕೊಳ್ಳುವುದು ನನ್ನ ಎರಡನೇ ಕೆಲಸ. ಮಕ್ಕಳೆಲ್ಲ ಒಂದೇ ದಿನ ನಡೆಯುವುದಿಲ್ಲ, ಗಾಬರಿ ಬೇಡ ಎಂದು ಡಾಕ್ಟರು ಹೇಳಿದ್ದರು. ಟೈಲರಕ್ಕ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಎರಡು ಬೀದಿ ಆಚೆ ಅವಳ ಓರಗಿತ್ತಿಯ ಮನೆ. ಪ್ರತಿ ಮಧ್ಯಾಹ್ನ ಮಗಳನ್ನು ಎತ್ತಿಕೊಂಡು ಅಂಗಡಿಗೆ ಬರುತ್ತಿದ್ದಳು. ಗುಂಡನಿಗಿಂತ ಐದು ವಾರ ಚಿಕ್ಕವಳಾದ ಆ ಚಿನಕುರಳಿ ಬಾಗಿಲಿಂದ ಕತ್ತರಿಸುವ ಮೇಜಿನವರೆಗೆ ಅಂಬೆಗಾಲಲ್ಲಿ ಓಡಿ, ಮೇಜಿನ ಕಾಲು ಹಿಡಿದು ಎದ್ದು ನಿಲ್ಲುತ್ತಿದ್ದಳು.

“ಗುಂಡ ಇನ್ನೂ ಕೂತೇ ಇದಾನಾ ಅಕ್ಕಾ?” ಎಂದು ಒಂದು ದಿನ ಓರಗಿತ್ತಿ ಕೇಳಿದಳು. ಅದರಲ್ಲಿ ಕುಹಕವಿರಲಿಲ್ಲ. ಟೈಲರಕ್ಕನಿಗೆ ಕೇಳಿಸಿದ್ದು ಮಾತ್ರ ಕುಹಕವೇ.

“ಕೂತು ತಿನ್ನೋ ಯೋಗ ಅವನದು,” ಎಂದು ಮಷಿನ್ನನ್ನು ಜೋರಾಗಿ ತುಳಿದಳು.

ಮರುದಿನವೇ ಚಿನಕುರಳಿಗೆ ಹೊಸ ಫ್ರಾಕು ತಯಾರು. ಪಾದ ದಾಟಿ ನಾಲ್ಕು ಬೆರಳು ಉದ್ದ.

“ಅಂಚು ಮಡಿಸೋದು ಮರೆತ್ರಾ ಅಕ್ಕಾ?” ಎಂದೆ.

“ಬೆಳೆಯೋ ಮಗು. ಇರ್ಲಿ ಬಿಡು.”

ಮಗು ಅಂಬೆಗಾಲಿಟ್ಟಿತು. ಮಂಡಿ ಬಟ್ಟೆಯ ಮೇಲೆ ಊರಿತು, ಕತ್ತು ಜಗ್ಗಿತು, ಮೂಗು ನೆಲಕ್ಕೆ ತಾಗಿತು. ನಾಲ್ಕು ಸಲ ಹೀಗಾದ ಮೇಲೆ ಗುಂಡನ ಪಕ್ಕದಲ್ಲೇ ಕೂತುಬಿಟ್ಟಿತು. ಟೈಲರಕ್ಕನ ಹೊಟ್ಟೆ ತಣ್ಣಗಾಯಿತು. ನಾನೂ ಬಾಯಿ ಬಿಡಲಿಲ್ಲ. ಗುಂಡ ನನ್ನ ತೊಡೆಯ ಮೇಲೆ ಬೆಳೆದವನು, ಅವನೇ ಮೊದಲು ನಡೆಯಬೇಕೆಂಬ ಹಟ ನನಗೂ ಇತ್ತು.

ಒಂದು ತಿಂಗಳು ಮಗು ದಿನಾ ಅದೇ ಫ್ರಾಕಿನಲ್ಲಿ ಬಂತು. ಟೈಲರಕ್ಕ ಕೆಲಸ ಬಿಟ್ಟು ಗುಂಡನ ಕಂಕುಳಿಗೆ ಕೈಕೊಟ್ಟು ನಿಲ್ಲಿಸುವಳು. ಅವನು ಕಾಲು ಮಡಚಿ ನಗುವನು. “ನಿಲ್ಲೋ, ನನ್ನ ಮಾನ ಉಳಿಸೋ!” ಎಂದು ಅವಳು ಗೋಗರೆಯುವಳು.

ಆಮೇಲೊಂದು ಮಧ್ಯಾಹ್ನ ಚಿನಕುರಳಿ ಸ್ಟೂಲು ಹಿಡಿದು ಎದ್ದಳು. ಕೈ ಬಿಟ್ಟಳು. ದೊಡ್ಡಮ್ಮನತ್ತ ಕೈ ಚಾಚಿ ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ಇಟ್ಟಳು. ಐದನೆಯದು ಬಟ್ಟೆಯ ಮೇಲೆ ಬಿತ್ತು. ಗಲ್ಲ ಮಷಿನ್ನಿನ ಕಬ್ಬಿಣಕ್ಕೆ ಬಡಿದು ತುಟಿ ಒಡೆಯಿತು.

ತಾಯಿಗಿಂತ ಮೊದಲು ಓಡಿ ಮಗುವನ್ನು ಬಾಚಿಕೊಂಡವಳು ಟೈಲರಕ್ಕ. ಕತ್ತರಿ ಎತ್ತಿ, ಫ್ರಾಕಿನ ಅಂಚನ್ನು ಸುತ್ತಲೂ ಕತ್ತರಿಸಿ ಎಸೆದಳು.

“ಬೇಕಂತಲೇ ಉದ್ದ ಇಟ್ಟಿದ್ದೆ ಕಣೇ,” ಎಂದಳು ಅಳುತ್ತ. “ಇವಳು ಗುಂಡನಿಗಿಂತ ಮೊದಲು ನಡೀಬಾರದು ಅಂತ.”

ಓರಗಿತ್ತಿ ಬಗ್ಗಿ ಮಗಳ ತುಟಿ ಒರೆಸಿದಳು.

“ಗೊತ್ತಕ್ಕ,” ಎಂದಳು. “ಮನೇಲಿ ನಡೆಯೋಕೆ ಶುರುಮಾಡಿ ಹದಿನೈದು ದಿನ ಆಯ್ತು. ನಿಮಗೆ ನೆಮ್ಮದಿ ಇರ್ಲಿ ಅಂತ, ಇಲ್ಲಿಗೆ ಬರೋವಾಗ ಮಾತ್ರ ಇದನ್ನ ಹಾಕ್ತಿದ್ದೆ.”